ಅತ್ತೆಯ ಓಟು, ಮಾವನ ಡಿಫರೆನ್ಷಿಯಲ್ಲು

ಅಂಗಡಿಯವನು ಈ ಸಲ ಹೊಸ ಇಂಗು ಕೊಟ್ಟಿದ್ದಾನೆ. ಡಬ್ಬಿಯ ಮುಚ್ಚಳ ತೆಗೆದೆ ನೋಡಿ, ಅಬ್ಬಾ, ಅಡುಗೆಮನೆಯಿಡೀ ಗ್ಯಾರೇಜಿನ ವಾಸನೆ! ನಗಬೇಡಿ. ನಿಮ್ಮಲ್ಲಿ ಯಾರಾದರೂ ಕಾರಿನ ಹಿಂದಿನ ಆಕ್ಸಲ್ಲಿನ ಹೊಟ್ಟೆ ಬಿಚ್ಚಿ, ಅದರೊಳಗಿನ ಹಳೆಯ ಗೇರ್ ಆಯಿಲ್ ಮೂಸಿದ್ದರೆ ನನ್ನ ಮಾತು ಒಪ್ಪುತ್ತೀರಿ. ಮೂಸಿಲ್ಲದಿದ್ದರೆ ನಿಮ್ಮ ಪುಣ್ಯ. ಗಂಧಕ ಬೆರೆತ ಆ ಎಣ್ಣೆಗೂ ಒಳ್ಳೆಯ ಇಂಗಿಗೂ ಅಂಥ ವ್ಯತ್ಯಾಸವೇನಿಲ್ಲ. ಒಂದನ್ನು ಸಾರಿಗೆ ಹಾಕುತ್ತಾರೆ, ಇನ್ನೊಂದನ್ನು ಹಾಕುವುದಿಲ್ಲ, ಅಷ್ಟೇ. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಮಾವ ಕೆಲಸದಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಈ ವಾಸನೆ ನಡುಮನೆ ದಾಟಿ ಒಲೆಯ ಹತ್ತಿರ ಬಂದಿರುತ್ತಿತ್ತು. "ಸಾರಿಗೆ ಇಂಗು ಜಾಸ್ತಿ ಆಯ್ತೇನಮ್ಮಿ?" ಎಂದು ಅತ್ತೆ ನನ್ನನ್ನು ಕೇಳುತ್ತಿದ್ದರು. ನಾನಿನ್ನೂ ಬೇಳೆಯನ್ನೇ ಇಟ್ಟಿರುತ್ತಿರಲಿಲ್ಲ.

ಈ ವಾಸನೆ ಇವತ್ತೇ ಮೂಗಿಗೆ ಹೊಡೆಯಬೇಕೆ? ಬೆಳಿಗ್ಗೆಯಷ್ಟೇ ನಮ್ಮೆಜಮಾನರು ಆಫೀಸಿಗೆ ಹೊರಡುವಾಗ, ಶೂ ಲೇಸು ಕಟ್ಟುತ್ತಾ, ನನ್ನ ಮುಖ ನೋಡದೆ, "ಅಪ್ಪನ ಕಾರಿನ ವಿಷಯ ಸಂಜೆ ಒಳಗೆ ಒಂದು ತೀರ್ಮಾನ ಹೇಳ್ಬಿಡು. ತಗೊಳ್ಳೋರು ಕಾಯ್ತಾ ಇದಾರೆ" ಎಂದು ಹೇಳಿ ಹೋಗಿದ್ದಾರೆ. ಮಾವ ತೀರಿಕೊಂಡು ಎರಡು ವರ್ಷವಾಯಿತು. ಅವರ ಕಾರು ಕೆಳಗೆ ಬೇಸ್‌ಮೆಂಟಿನಲ್ಲಿ ಹೊದಿಕೆ ಹೊದ್ದು ಮಲಗಿದೆ. ನಾನು ಆಗೀಗ ಇಳಿದು ಹೋಗಿ ಸ್ಟಾರ್ಟ್ ಮಾಡಿ, ನಿಂತಲ್ಲೇ ಸ್ವಲ್ಪ ಹೊತ್ತು ಗುರುಗುಟ್ಟಿಸಿ, ಮತ್ತೆ ಹೊದಿಸಿ ಬರುತ್ತೇನೆ. ನಮ್ಮ ಫ್ಲಾಟಿಗೆ ಇರುವುದು ಒಂದೇ ಪಾರ್ಕಿಂಗ್ ಜಾಗ. ಆ ಜಾಗ ಆ ಕಾರಿಗೆ ಸಿಕ್ಕಿದ್ದು ಸುಲಭವಾಗಿ ಅಲ್ಲ. ಬೇಳೆ ಬೇಯುವವರೆಗೆ ನನಗೆ ಬಿಡುವಿದೆ. ನಿಮಗೂ ಇದ್ದರೆ ಕೂತುಕೊಳ್ಳಿ, ಹೇಳುತ್ತೇನೆ.

ನಮ್ಮ ಮಾವ ಯಂತ್ರ ತಯಾರಿಸುವ ದೊಡ್ಡ ಕಾರ್ಖಾನೆಯೊಂದರಲ್ಲಿ ಲೇತಿನ ಮೇಲೆ ಕಬ್ಬಿಣ ಕಡೆಯುವ ಟರ್ನರ್ ಆಗಿದ್ದವರು. ಕಾರ್ಖಾನೆಯವರು ಸ್ವಯಂ ನಿವೃತ್ತಿ ಎಂಬ ಚಂದದ ಹೆಸರಿಟ್ಟು ಎಲ್ಲರನ್ನೂ ಮನೆಗೆ ಕಳಿಸಿದಾಗ ಬಂದ ದುಡ್ಡಿನಲ್ಲಿ ಕೆಲವರು ಸೈಟು ಕೊಂಡರು, ಕೆಲವರು ಮಗಳ ಮದುವೆ ಮಾಡಿದರು. ಮಾವ ಪೀಣ್ಯ ಎರಡನೇ ಹಂತದಲ್ಲಿ ಒಂದು ಶೆಡ್ಡು ಬಾಡಿಗೆಗೆ ಹಿಡಿದು ಎರಡು ಲೇತು, ಒಂದು ಮಿಲ್ಲಿಂಗ್ ಮೆಷೀನು ಇಟ್ಟರು. ಅಲ್ಲಿಗೇ ನಿಲ್ಲಿಸಿದ್ದರೆ ಮನೆಯಲ್ಲಿ ಶಾಂತಿ ಇರುತ್ತಿತ್ತು. ಎರಡು ಸಾವಿರದ ಆರೋ ಏಳೋ ಇರಬೇಕು, ಯಾರೋ ಮಾರುತ್ತಿದ್ದ ಹಳೆಯ ಕಾಂಟೆಸ್ಸಾ ಒಂದನ್ನು ತಂದು ನಾಗಸಂದ್ರದ ನಮ್ಮ ಬಾಡಿಗೆ ಮನೆಯ ಮುಂದೆ ನಿಲ್ಲಿಸಿದರು. ಉದ್ದ ಮೂತಿಯ, ಹಿಂದಿನ ಚಕ್ರ ತಳ್ಳಿದರೆ ಮುಂದೆ ಹೋಗುವ ಹಳೇ ಕಾಲದ ಕಾರು. ಅದರ ಇಂಜಿನ್ನು ತೆಗೆದು, ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿದ ಜಪಾನಿನ ದೊಡ್ಡ ಇಂಜಿನ್ನೊಂದನ್ನು ಕೂರಿಸಿದರು. ಕೂರಿಸಿದರು ಎಂದು ನಾನು ಒಂದು ಮಾತಿನಲ್ಲಿ ಹೇಳಿಬಿಟ್ಟೆ. ಅದಕ್ಕೆ ವರ್ಷದ ಮೇಲೆ ಹಿಡಿಯಿತು. ಆ ವರ್ಷವಿಡೀ ಅತ್ತೆ ಮಾವನ ಹತ್ತಿರ ಮಾತಾಡಿದ್ದು ಊಟಕ್ಕೆ ಕರೆಯಲು ಮತ್ತು ಬೈಯಲು ಮಾತ್ರ.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ, ಆಮೇಲೆ ಗೊಂದಲವಾಗುವುದು ಬೇಡ. ಇಷ್ಟೆಲ್ಲ ಮಾಡಿದ ನಮ್ಮ ಮಾವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ನಿಜವಾಗಿ. ಜೀವನವಿಡೀ ಫ್ಯಾಕ್ಟರಿ ಬಸ್ಸು, ಇಲ್ಲವಾದರೆ ಸೈಕಲ್ಲು. ಕ್ಲಚ್ಚಿನ ಒಂದೊಂದು ಮೊಳೆಯೂ ಗೊತ್ತು, ಅದರ ಮೇಲೆ ಕಾಲಿಡಲು ಮಾತ್ರ ಭಯ. ಕೇಳಿದರೆ, "ಮಾಡೋನು ಬೇರೆ, ಓಡ್ಸೋನು ಬೇರೆ ಕಣಮ್ಮಾ. ಹೆರಿಗೆ ಡಾಕ್ಟ್ರು ತಾವೇ ಹೆರ್ತಾರಾ?" ಎನ್ನುತ್ತಿದ್ದರು. ನಮ್ಮೆಜಮಾನರ ಹತ್ತಿರ ಲೈಸೆನ್ಸು ಇತ್ತು, ಆದರೆ ಅವರು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಎಚ್ಆರ್. ಬೆಳಿಗ್ಗೆ ಕತ್ತಲಲ್ಲೇ ಕಂಪನಿ ಬಸ್ಸು ಹತ್ತಿ ಊರಿನ ಆ ತುದಿಯಿಂದ ಈ ತುದಿಗೆ ನಿದ್ದೆ ಮಾಡಿಕೊಂಡು ಹೋಗಿ ಬರುವವರು. ಉಳಿದವಳು ನಾನು. ಎಂಟನೇ ಮೈಲಿಯ ಡ್ರೈವಿಂಗ್ ಸ್ಕೂಲಿನಲ್ಲಿ ಮಾವನೇ ಸೇರಿಸಿದರು. ಬೆಳಿಗ್ಗೆ ಮಾವನನ್ನು ಶೆಡ್ಡಿಗೆ ಬಿಡುವುದು, ಸಂಜೆ ಕರೆತರುವುದು ನನ್ನ ಕೆಲಸವಾಯಿತು.

ಕೆಲಸ ಎಂದೆನಲ್ಲ, ಸುಳ್ಳು. ಅದು ನನ್ನ ಹಬ್ಬ. ಬೇರೆ ಮನೆಗಳಲ್ಲಿ ಸೊಸೆ ಹೊಸಿಲು ದಾಟಿದರೆ "ಎಲ್ಲಿಗೆ?" ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಾವ ತಾವೇ ಕೀಲಿ ಕೈಗೆ ಹಾಕಿ "ನಡಿ" ಎನ್ನುತ್ತಿದ್ದರು. ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಷ್ಟುದ್ದ ಮೂತಿಯ ಕಾರನ್ನು ದಾಸರಹಳ್ಳಿಯ ಟೆಂಪೋಗಳ ನಡುವೆ ನುಗ್ಗಿಸುವಾಗ ನನಗೆ ಆಗುತ್ತಿದ್ದ ಖುಷಿಯನ್ನು ಈಗಲೂ ಸರಿಯಾಗಿ ಹೇಳಲು ಬರುವುದಿಲ್ಲ. ತೌರಿಗೆ ಫೋನು ಮಾಡಿದಾಗ ಅಮ್ಮನ ಹತ್ತಿರ, ಮಾವನಿಗೆ ಸಹಾಯ ಮಾಡ್ತೀನಿ ಎಂದಷ್ಟೇ ಹೇಳುತ್ತಿದ್ದೆ.

ಆದರೆ ಕಾರಿನ ಮುಂದಿನ ಅರ್ಧ ಹುಲಿ, ಹಿಂದಿನ ಅರ್ಧ ಹಳೆಯದೇ. ಎಲ್ಲ ತೊಂದರೆಯೂ ಡಿಫರೆನ್ಷಿಯಲ್ಲಿನದು. ಅದು ಏನೆಂದು ಗೊತ್ತಿಲ್ಲದವರು ಹೆದರಬೇಡಿ, ನನಗೂ ಗೊತ್ತಿರಲಿಲ್ಲ. ಗಂಡ ಹೆಂಡತಿ ಕೈ ಹಿಡಿದುಕೊಂಡು ಗುಡಿಗೆ ಪ್ರದಕ್ಷಿಣೆ ಹಾಕುತ್ತಾರೆ ಎಂದಿಟ್ಟುಕೊಳ್ಳಿ. ಗೋಡೆಯ ಕಡೆ ಇರುವವರು ಆರಾಮವಾಗಿ ನಡೆಯುತ್ತಾರೆ, ಹೊರಗಿನವರು ಬಿರಬಿರನೆ ಹೆಜ್ಜೆ ಹಾಕಬೇಕು. ಕಾರು ತಿರುಗುವಾಗ ಹಿಂದಿನ ಎರಡು ಚಕ್ರಗಳ ಪಾಡೂ ಅದೇ. ತಳ್ಳುವ ಇಂಜಿನ್ನು ಒಂದೇ, ಆದರೆ ಎರಡು ಚಕ್ರಗಳೂ ಬೇರೆ ಬೇರೆ ವೇಗದಲ್ಲಿ ತಿರುಗಬೇಕು. ಹಾಗೆ ತಿರುಗಲು ಬಿಡುವ ಗೇರುಗಳ ಗೂಡೊಂದು ಹಿಂದಿನ ಆಕ್ಸಲ್ಲಿನ ನಡುವೆ ಇರುತ್ತದೆ. ಮಾಮೂಲಿ ಗೂಡುಗಳಿಗೆಲ್ಲ ಒಂದು ಚಾಳಿ: ಎರಡರಲ್ಲಿ ಯಾವ ಚಕ್ರ ಜಾರುತ್ತಿದೆಯೋ, ಇಂಜಿನ್ನಿನ ಶಕ್ತಿಯೆಲ್ಲ ಅದಕ್ಕೇ ಹೋಗಿಬಿಡುತ್ತದೆ. ನೆಲ ಹಿಡಿದು ಕೆಲಸ ಮಾಡಬಲ್ಲ ಚಕ್ರಕ್ಕೆ ಏನೂ ಸಿಗುವುದಿಲ್ಲ. ಕೂಡು ಕುಟುಂಬದಲ್ಲಿ ಬದುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಣ್ಣ ಇಂಜಿನ್ನಿದ್ದರೆ ಇದು ಗೊತ್ತಾಗುವುದೇ ಇಲ್ಲವಂತೆ. ನಮ್ಮದು ಗೊತ್ತಾಗುತ್ತಿತ್ತು, ಇಡೀ ಊರಿಗೆ. ಜಾಲಹಳ್ಳಿ ಕ್ರಾಸಿನಲ್ಲಿ ತಿರುಗಿಸಿ ಸ್ವಲ್ಪ ಕಾಲು ಒತ್ತಿದರೆ ಸಾಕು, ಒಳಗಿನ ಚಕ್ರ ಒಂದೇ ಸಮನೆ ಸುತ್ತಿ ಹೊಗೆ ಎಬ್ಬಿಸುತ್ತಿತ್ತು; ಕಾರು ಮಾತ್ರ ಇದ್ದಲ್ಲೇ. ಒಂದು ಸಲ ಪಕ್ಕದಲ್ಲಿದ್ದ ಆಟೋದವನು ತಲೆ ಹೊರಗೆ ಹಾಕಿ, "ಅಕ್ಕಾ, ಸೊಳ್ಳೆಗೆ ಹೊಗೆ ಬಿಡ್ತಾ ಇದೀರಾ? ನಮ್ಮ ಬೀದಿಗೂ ಬನ್ನಿ" ಎಂದ. ಮಾವ ಎಡಗಡೆ ಸೀಟಿನಲ್ಲಿ ಕಿಟಕಿ ಗಾಜು ಏರಿಸಿಕೊಂಡರು.

ಸಲಹೆ ಕೊಡುವವರಿಗೇನು ಬರವೇ? ಶನಿವಾರ ವೈಟ್‌ಫೀಲ್ಡಿನಿಂದ ಕಿಶೋರ ಎಂಬ ಇಂಜಿನಿಯರ್ ಶೆಡ್ಡಿಗೆ ಬರುತ್ತಿದ್ದ. ಅವನ ಹತ್ತಿರವೂ ಹೀಗೇ ಕುಲಗೆಡಿಸಿದ ಕಾರೊಂದಿತ್ತು. "ಅಂಕಲ್, ಎರಡು ಚಕ್ರಕ್ಕೂ ಹಂಚೋ ಡಿಫ್ರೆನ್ಷಿಯಲ್ ಆಸ್ಟ್ರೇಲಿಯಾದಿಂದ ತರಿಸ್ಬಹುದು. ಜತೆಗೆ ಕ್ರೌನ್ ಪಿನಿಯನ್ ಹಲ್ಲು ಬದಲಾಯಿಸ್ಬಿಡಿ, ಹೈವೇಲಿ ಸಕ್ಕತ್ ಟಾಪ್ ಸ್ಪೀಡ್ ಬರುತ್ತೆ" ಎಂದ. ಮಾವ ಅವನನ್ನೇ ನೋಡಿದರು. ಹೊರಗೆ ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದವು. ಅರ್ಧ ರಸ್ತೆಗೆ ತಗಡಿನ ಬೇಲಿ, ಉಳಿದರ್ಧಕ್ಕೆ ಗುಂಡಿ. "ನೀನು ಇಲ್ಲಿಗೆ ಬಂದ್ಯಲ್ಲ ಮಗಾ, ದಾರೀಲಿ ಎಲ್ಲಾದ್ರೂ ಟಾಪ್ ಸ್ಪೀಡ್ ಸಿಕ್ತಾ?" ಎಂದು ಕೇಳಿದರು. ಹೊರಗಿನಿಂದ ತರಿಸುವ ಮಾತಂತೂ ಅವರಿಗೆ ಅವಮಾನವೇ ಆಯಿತು. ಪೀಣ್ಯದಲ್ಲಿ ಕೂತು ಆಸ್ಟ್ರೇಲಿಯಾದಿಂದ ಕಬ್ಬಿಣ ತರಿಸಿದರೆ ಅಕ್ಕಪಕ್ಕದ ಶೆಡ್ಡಿನವರಿಗೆ ಮುಖ ತೋರಿಸುವುದು ಹೇಗೆ?

ಹೀಗೆ ಹರಟೆ ಹೊಡೆದುಕೊಂಡೇ ಇನ್ನೂ ಹತ್ತು ವರ್ಷ ಕಳೆಯುತ್ತಿದ್ದರೇನೋ. ಅಷ್ಟರಲ್ಲಿ ನಮ್ಮೆಜಮಾನರು ಎಲೆಕ್ಟ್ರಾನಿಕ್ ಸಿಟಿಯ ಕಡೆ ಫ್ಲಾಟು ನೋಡಿ ಬಂದರು. ಬಸ್ಸಿನಲ್ಲೇ ಅರ್ಧ ಆಯುಸ್ಸು ಹೋಯಿತು, ಇನ್ನು ಆಗುವುದಿಲ್ಲ ಎಂದರು. ಅವರ ಮಾತು ಸರಿಯೇ. ಆದರೆ ಫ್ಲಾಟಿಗೆ ಒಂದೇ ಕಾರಿನ ಜಾಗ, ಮತ್ತು ಅವರು ಹೊಸದೊಂದು ಚಿಕ್ಕ ಕಾರಿಗೆ ಆಗಲೇ ಮುಂಗಡ ಕೊಟ್ಟಾಗಿತ್ತು.

"ಅಪ್ಪಾ, ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡಿ" ಎಂದರು ಊಟದ ಹೊತ್ತಿಗೆ.

"ನಾನು ಜೀವನಪೂರ್ತಿ ಪ್ರಾಕ್ಟಿಕಲ್ಲೇ ಕಣೋ ಮಾಡಿದ್ದು. ಥಿಯರಿಯೆಲ್ಲಾ ನಿಂದು" ಎಂದರು ಮಾವ. ಎಂದವರು ಮುದ್ದೆ ಮುರಿಯದೆ ಹಾಗೇ ತಟ್ಟೆ ನೋಡುತ್ತಾ ಕೂತರು. ಶೆಡ್ಡನ್ನು ಫ್ಲಾಟಿನ ಹತ್ತಿರದ ಬೊಮ್ಮಸಂದ್ರದ ಕಡೆಗೆ ಸಾಗಿಸಬಹುದಿತ್ತು, ಲೇತು ಎಲ್ಲಿದ್ದರೂ ತಿರುಗುತ್ತದೆ. ಆದರೆ ಆ ಹೊತ್ತಿಗೆ ಅವರಿಗೆ ಶೆಡ್ಡು ಬೇಕಾಗಿದ್ದದ್ದೇ ಕಾರಿಗೋಸ್ಕರ. ಕಾರು ಹೋದರೆ ಈ ಮನುಷ್ಯ ಬೆಳಗಾದರೆ ಯಾವುದಕ್ಕೆ ಏಳಬೇಕು ಎಂದು ನನಗೆ ಚಿಂತೆಯಾಯಿತು. ನನ್ನದೂ ಅದೇ ಕಥೆ ತಾನೇ? ಹೊಸ ಕಾರು ಬಂದರೆ ಅದರ ಕೀಲಿ ಯಜಮಾನರ ಜೇಬಿನಲ್ಲಿರುತ್ತದೆ, ನಾನು ಪಕ್ಕದ ಸೀಟಿನಲ್ಲಿ ಕೂತು "ಎಷ್ಟು ಚೆನ್ನಾಗಿದೆ ಏಸಿ" ಎನ್ನಬೇಕು.

ಮನೆಯಲ್ಲಿ ಪಾರ್ಟಿಗಳಾದವು. ಮಾವ ಮತ್ತು ನಾನು ಒಂದು ಕಡೆ. ಯಜಮಾನರು ಮತ್ತು ಅವರ ಹೋಮ್ ಲೋನು ಇನ್ನೊಂದು ಕಡೆ. ಸರಿಸಮ. ಉಳಿದದ್ದು ಅತ್ತೆಯ ಓಟು. ಅತ್ತೆ ಆನೇಕಲ್ ಕಡೆಯ ಹಳ್ಳಿಯವರು, ಒಂದು ಮಾತಾಡುವ ಮುಂಚೆ ಮೂರು ಸಲ ಎಲೆಅಡಿಕೆ ಜಗಿಯುವವರು. ಅವತ್ತೂ ಜಗಿದರು. ಆಮೇಲೆ, "ಆ ಕಾರ್‌ನಲ್ಲೇ ಕುಂತ್ಕಂಡು ಆ ಮನೆಗೆ ಬತ್ತೀನಿ. ಕಿರುಚ್ಕೂಡದು. ಕುಲುಕ್ಕೂಡದು. ದಾರೀಲಿ ನಾನು ಇಳಿಯೋ ಅಂಗಾಯ್ತೋ, ಕಾರು ಗುಜರಿಗೆ. ಇಲ್ದಿದ್ರೆ ಜಾಗ ಅದಕ್ಕೇ" ಎಂದರು. ಮಂಜ, ಅಂದರೆ ನಮ್ಮೆಜಮಾನರು, ಒಳಗೊಳಗೇ ನಕ್ಕರು. ಆ ಕಾರು ಕಿರುಚದೆ ಕುಲುಕದೆ ಒಂದು ಮೈಲಿ ಹೋದದ್ದನ್ನು ಅವರು ನೋಡಿರಲಿಲ್ಲ.

ಮಾರನೆಯ ದಿನವೇ ಮಾವ ಅಳತೆ ಟೇಪು ಹಿಡಿದುಕೊಂಡು ನನ್ನ ಕೈಯಲ್ಲಿ ಕಾರು ಹೊರಡಿಸಿದರು. ಎಲ್ಲಿಗೆ ಅಂದುಕೊಂಡಿರಿ? ಫ್ಲಾಟಿನ ಬೇಸ್‌ಮೆಂಟಿಗೆ. ಕೋಣೆ ಎಷ್ಟಿದೆ, ಗಾಳಿ ಬರುತ್ತದೆಯೇ ಎಂದು ಯಾವುದನ್ನೂ ನೋಡಲಿಲ್ಲ. ಬೇಸ್‌ಮೆಂಟಿಗೆ ಇಳಿಯುವ ರ‍್ಯಾಂಪು ಜಿಲೇಬಿ ಸುತ್ತಿದ ಹಾಗೆ ಒಂದೇ ಸಮ ತಿರುವು. ಮೇಲೆ ಹಸಿರು ಬಣ್ಣ ಬಳಿದು ನುಣ್ಣಗೆ ಮಾಡಿಟ್ಟಿದ್ದರು. ದಿನಾ ನೀರು ಹಾಕಿ ತೊಳೆಯುತ್ತಿದ್ದರು ಬೇರೆ. ಇಳಿದೆವು. ಹತ್ತುವಾಗ ಅರ್ಧದಲ್ಲಿ ಒಳಗಿನ ಚಕ್ರ ಗಿರ್ರನೆ ಸುತ್ತಿತು, ಕಾರು ನಿಂತಿತು, ಹೊಗೆ ತುಂಬಿತು, ಸೆಕ್ಯೂರಿಟಿಯವನು ಸೀಟಿ ಊದುತ್ತಾ ಓಡಿ ಬಂದ. ಹೇಗೋ ಹಿಮ್ಮುಖವಾಗಿ ಇಳಿದು, ನೆಲ ಒಣಗುವವರೆಗೆ ಅಲ್ಲೇ ಕೂತಿದ್ದು ಬಂದೆವು. ಮಾವನಿಗೆ ಬೇಜಾರೇ ಇಲ್ಲ, ಮುಖದಲ್ಲಿ ಕಳೆ ಬಂದಿತ್ತು. "ಲೋಕದಲ್ಲೆಲ್ಲಾ ರೇಸಿಗೆ ಅಂತ ಡಿಫ್ರೆನ್ಷಿಯಲ್ ಆರಿಸ್ತಾರೆ ಕಣಮ್ಮಾ. ನಾವು ಈ ರ‍್ಯಾಂಪಿಗೆ ಆರಿಸ್ಬೇಕು" ಎಂದರು.

ಶೆಡ್ಡಿನ ಪಕ್ಕದಲ್ಲಿ ಬಾಗಲಕೋಟೆ ಕಡೆಯ ಬಸಣ್ಣ ವೆಲ್ಡಿಂಗ್ ಅಂಗಡಿ ಇಟ್ಟಿದ್ದ. ಅವನಿಗೆ ಲೋಕದ ಎಲ್ಲ ಕಷ್ಟಕ್ಕೂ ಒಂದೇ ಮದ್ದು. "ಇಷ್ಟ್ಯಾಕ ತಲಿ ಕೆಡಿಸ್ಕೊಂತೀರಿ ಯಜಮಾನ್ರ? ಒಳಗಿನ ಗೇರಿಗೆ ನಾಕ್ ಕಡೆ ವೆಲ್ಡ್ ಹೊಡದ್ ಬಿಡೂಣು. ಎರಡೂ ಗಾಲಿ ಅಣ್ತಮ್ಮ ಇದ್ದಂಗ ಕೂಡೇ ತಿರಗ್ತಾವ" ಎಂದ. ಹೊಡೆದೂಬಿಟ್ಟ. ಹೊಗೆ ನಿಂತಿತು, ನಿಜ. ನೇರ ರಸ್ತೆಯಲ್ಲಿ ಕಾರು ಬಾಣ ಬಿಟ್ಟ ಹಾಗೆ ಹೋಯಿತು. ನನಗೆ ಕೂಗಬೇಕೆನ್ನುವಷ್ಟು ಖುಷಿ. ಆದರೆ ನಮ್ಮ ಮನೆ ಇದ್ದದ್ದು ಎರಡು ತಿರುವು ದಾಟಿ ಒಂದು ಗಲ್ಲಿಯಲ್ಲಿ. ಗಂಡ ಹೆಂಡತಿಯ ಕಾಲು ಕಟ್ಟಿ ಪ್ರದಕ್ಷಿಣೆ ಹಾಕಿಸಿದರೆ ಏನಾಗುತ್ತದೆ ಹೇಳಿ! ಮೊದಲ ತಿರುವಿನಲ್ಲಿ ಟೈರು ಕೀಂ ಎಂದಿತು. ಎರಡನೆಯದರಲ್ಲಿ ಕಾರಿನ ಬೆನ್ನು ಕುಪ್ಪಳಿಸಿತು. ಗಲ್ಲಿಗೆ ತಿರುಗಿಸಿದಾಗ ಎದ್ದ ಸದ್ದಿಗೆ ಅಕ್ಕಪಕ್ಕದ ಮನೆಯವರು ಎಲ್ಲೋ ಹಂದಿ ಹಿಡಿಯುತ್ತಿದ್ದಾರೆಂದು ಹೊರಗೆ ಬಂದರು. ಮನೆ ಓನರ್ ಮುನಿರತ್ನಮ್ಮನವರು ಆಗಷ್ಟೇ ಬಿಟ್ಟಿದ್ದ ಚುಕ್ಕಿ ರಂಗೋಲಿಯ ಮೇಲೆ ಎರಡು ಕಪ್ಪು ಕಮಾನು ಬರೆದು ನಿಂತೆವು. ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ನೋಡಿ ಒಳಗೆ ಹೋದರು. ಬಸಣ್ಣನ ವೆಲ್ಡಿಗೆ ಅಲ್ಲಿಗೆ ತಿಥಿಯಾಯಿತು.

ಮೂರನೇ ದಾರಿ ಕಿಶೋರ ಹೇಳಿದ್ದೇ. ಎರಡು ಚಕ್ರಗಳನ್ನು ಪೂರ್ತಿ ಬಿಡಲೂ ಬಾರದು, ಪೂರ್ತಿ ಕಟ್ಟಲೂ ಬಾರದು; ನಡುವೆ ಒಂದಕ್ಕೊಂದು ಉಜ್ಜುವ ತಟ್ಟೆಗಳನ್ನು ಇಟ್ಟು, ಸ್ಪ್ರಿಂಗಿನಿಂದ ಒತ್ತಬೇಕು. ತಿರುವಿನಲ್ಲಿ ತಟ್ಟೆಗಳು ಸ್ವಲ್ಪ ಜಾರಿ ಅವಕಾಶ ಕೊಡುತ್ತವೆ, ಒಂದು ಚಕ್ರ ಅತಿಯಾಡಿದರೆ ಹಿಡಿದು ಎಳೆಯುತ್ತವೆ. "ಇಷ್ಟೇ ತಾನೇ, ನಾವೇ ಮಾಡ್ಬಿಡೋಣ" ಎಂದರು ಮಾವ. ತಟ್ಟೆಗೆ ಬೈಕಿನ ಕ್ಲಚ್ ಪ್ಲೇಟುಗಳು ಸಿಕ್ಕವು. ಅವು ಕೂರುವಷ್ಟು ಅಗಲದ ಹೊಸ ಗೂಡನ್ನು ಮಾತ್ರ ಕಡೆದು ತೆಗೆಯಬೇಕಿತ್ತು.

ಪೀಣ್ಯದಲ್ಲಿ ಒಂದು ವಸ್ತು ಹೇಗೆ ಹುಟ್ಟುತ್ತದೆ ಎಂದು ನೋಡಿದ್ದೀರಾ? ಒಂದು ಶೆಡ್ಡಿನಲ್ಲಿ ತಿರುಗಿಸುತ್ತಾರೆ, ಇನ್ನೊಂದರಲ್ಲಿ ಕೊರೆಯುತ್ತಾರೆ, ಮತ್ತೊಂದರಲ್ಲಿ ಕುಲುಮೆಗೆ ಹಾಕಿ ಗಟ್ಟಿ ಮಾಡುತ್ತಾರೆ, ಕೊನೆಯದರಲ್ಲಿ ಉಜ್ಜಿ ನಯ ಮಾಡುತ್ತಾರೆ. ಅಷ್ಟೂ ಕಡೆಗೆ ಅದು ಮೊಪೆಡ್ಡಿನ ಕಾಲಡಿಯಲ್ಲಿ ಕೂತು ಸಂಚಾರ ಮಾಡುತ್ತದೆ. ಒಂದೇ ಒಂದು ಪೀಸಿಗೆ ಯಾರೂ ಅಷ್ಟೊಂದು ಒದ್ದಾಡುವುದಿಲ್ಲ. ಮೆಷೀನಿನ ಮೇಲೆ ಹೊಸ ಕೆಲಸ ಕೂರಿಸಿ, ಅಳತೆ ಹೊಂದಿಸುವುದಕ್ಕೆ ಅವರ ಭಾಷೆಯಲ್ಲಿ ಸೆಟ್ಟಿಂಗ್ ಎನ್ನುತ್ತಾರೆ. ಸೆಟ್ಟಿಂಗಿಗೆ ಎರಡು ದಿನ ಹಿಡಿದರೆ, ಆಮೇಲೆ ಪೀಸು ಬೀಳುವುದಕ್ಕೆ ಅರ್ಧ ಗಂಟೆ. ಅಷ್ಟು ಕಷ್ಟಪಟ್ಟು ಮಾಡಿದ ಸೆಟ್ಟಿಂಗನ್ನು ಒಂದು ಪೀಸು ತೆಗೆದು ಕಿತ್ತುಹಾಕಲು ಹಳೆಯ ಟರ್ನರ್‌ಗೆ ಕರುಳು ಕಿತ್ತು ಬರುತ್ತದೆ. ಕುಲುಮೆಯವನೂ "ಒಂದ್ ಪೀಸಿಗೆಲ್ಲಾ ಬೆಂಕಿ ಹತ್ಸಕ್ಕಾಗಲ್ಲ ಸಾರ್, ಬ್ಯಾಚ್ ತನ್ನಿ" ಎಂದನಂತೆ.

ಒಂದು ಮಧ್ಯಾಹ್ನ ಲಗೇಜ್ ಆಟೋ ಮನೆ ಮುಂದೆ ನಿಂತಿತು. ಅದರಿಂದ ಇಳಿದವು ಡಿಫರೆನ್ಷಿಯಲ್ ಗೂಡುಗಳು. ಒಂದಲ್ಲ, ಎರಡಲ್ಲ, ಎರಡು ಡಜನ್. ಒಂದೊಂದೂ ತೆಂಗಿನಕಾಯಿ ಗಾತ್ರ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಶೆಡ್ಡಿನಲ್ಲಿ ಜಾಗವಿಲ್ಲವೆಂದು ಮನೆಗೆ ತಂದಿದ್ದರು. ಮಂಚದ ಕೆಳಗೆ ಎಂಟು, ಅಕ್ಕಿ ಡ್ರಮ್ಮಿನ ಹಿಂದೆ ಐದು, ಉಳಿದವು ದೇವರ ಮನೆಯ ಗೋಡೆಗೆ ಸಾಲಾಗಿ.

ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತರು. "ಇರೋದು ಒಂದ್ ಕಾರು. ಇಷ್ಟೊಂದ್ಯಾಕ್ರೀ?"

"ಸೆಟ್ಟಿಂಗ್ ಆಗ್ಬಿಟ್ಟಿತ್ತು ಕಣೇ. ಕಿತ್ತಾಕಕ್ಕೆ ಮನಸ್ಸು ಬರ್ಲಿಲ್ಲ."

"ಅಂಗಾರೆ ಮಂಜ ಉಟ್ಟಿದಾಗ್ಲೂ ಸೆಟ್ಟಿಂಗ್ ಆಗಿತ್ತಲ್ಲ? ಅದನ್ಯಾಕೆ ಒಂದಕ್ಕೇ ನಿಲ್ಲುಸ್ಬುಟ್ರಿ?"

ರಜೆಯೆಂದು ಮನೆಯಲ್ಲಿದ್ದ ಮಂಜ ಪೇಪರಿನ ಹಿಂದೆ ಕೆಂಪಾದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದೆ. ಮಾವ ಗೂಡೊಂದನ್ನು ಎತ್ತಿಕೊಂಡು ಮಗುವಿನ ಮೈ ಒರೆಸುವ ಹಾಗೆ ಟವೆಲ್ಲಿನಿಂದ ಒರೆಸುತ್ತಾ ಕೂತರು.

ಆಮೇಲೆ ಶುರುವಾಯಿತು ಸ್ಪ್ರಿಂಗಿನ ಕಾಟ. ಸ್ಪ್ರಿಂಗು ಬಿಗಿಯಾದರೆ ಬಸಣ್ಣನ ವೆಲ್ಡಿನ ಕಿರುಚಾಟವೇ ವಾಪಸು, ಸಡಿಲವಾದರೆ ಸೊಳ್ಳೆ ಹೊಗೆ ವಾಪಸು. ಪ್ರತಿ ಸಲವೂ ಎಣ್ಣೆ ಬಸಿದು, ಆಕ್ಸಲ್ ಎಳೆದು, ಗೂಡು ಬಿಚ್ಚಬೇಕು. ಮಾವನ ಮೈಗೆ ಆ ವಾಸನೆ ಎಷ್ಟು ಹತ್ತಿತೆಂದರೆ ಬೀದಿ ನಾಯಿಗಳೂ ದೂರದಿಂದಲೇ ದಾರಿ ಬಿಡುತ್ತಿದ್ದವು. ಬಿಗಿ ಸರಿಯಾಯಿತೇ ಇಲ್ಲವೇ ಎಂದು ಅಳೆಯಲು ಅವರ ಬಳಿ ಇದ್ದ ಮೀಟರು ಒಂದೇ, ಅದು ಅತ್ತೆಯ ಮುಖ. "ಸಂತೆಗೆ ಬಿಡ್ತೀವಿ ಬಾ" ಎಂದು ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಕಾರಿನೊಳಗಿನ ಕನ್ನಡಿಯನ್ನು ತಮ್ಮ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಹಿಂದೆ ಲಾರಿ ಬಂದರೂ ನನಗೆ ಕಾಣುವಂತಿಲ್ಲ. ತಿರುವಿನಲ್ಲಿ ಅತ್ತೆಯ ಹುಬ್ಬು ಗಂಟಿಕ್ಕಿದರೆ, "ಇನ್ನೊಂಚೂರು ಸಡಿಲ ಮಾಡ್ಬೇಕು" ಎಂದು ಅಲ್ಲೇ ಗೊಣಗುತ್ತಿದ್ದರು. ಅತ್ತೆಯೋ, ತಿರುವೇ ಇಲ್ಲದ ಕಡೆಯೂ ಹುಬ್ಬು ಗಂಟಿಕ್ಕುವವರು. ಹೀಗೆ ಮಳೆಗಾಲ ಹೋಗಿ ಚಳಿಗಾಲ ಬಂತು.

ಪರೀಕ್ಷೆಯ ದಿನ ಭಾನುವಾರ. ಅತ್ತೆ ಒಳ್ಳೆಯ ಸೀರೆಯುಟ್ಟು, ಹೊಟ್ಟೆ ತೊಳೆಸಿದರೆ ಮೂಸಲು ಒಂದು ನಿಂಬೆಹಣ್ಣು ಹಿಡಿದುಕೊಂಡು ಹಿಂದೆ ಕೂತರು. ಯಜಮಾನರು ಮೊದಲೇ ಹೋಗಿ ರ‍್ಯಾಂಪಿನ ತುದಿಯಲ್ಲಿ ಕೈ ಕಟ್ಟಿ ನಿಂತಿದ್ದರು. ಆನೇಕಲ್ ದಾರಿ ಹತ್ತಿರವಾದಂತೆ ಅತ್ತೆ ಕಿಟಕಿಯಾಚೆ ತಮ್ಮ ಊರಿನವರು ಯಾರಾದರೂ ಕಾಣುತ್ತಾರೇನೋ ಎಂದು ನೋಡುತ್ತಿದ್ದರು; ಕಂಡದ್ದೆಲ್ಲ ಗಾಜಿನ ಕಟ್ಟಡಗಳೇ. ಬೇಸ್‌ಮೆಂಟಿಗೆ ಇಳಿದೆವು. ನಮ್ಮ ಗ್ರಹಚಾರ, ನೆಲವನ್ನು ಆಗತಾನೇ ತೊಳೆದಿದ್ದರು. ನಾನು ಸೆರಗನ್ನು ಸೊಂಟಕ್ಕೆ ಇನ್ನೊಮ್ಮೆ ಬಿಗಿದೆ. ಮಾವ ಕನ್ನಡಿ ತಿರುಗಿಸಿಕೊಂಡು, "ನಡಿಯಮ್ಮಾ" ಎಂದರು.

ಹತ್ತಿಸಿದೆ. ತಿರುವಿನಲ್ಲಿ ಒಳಗಿನ ಚಕ್ರ ಸ್ವಲ್ಪ ಜಾರಿದ್ದು ನನಗೆ ಕೂತಲ್ಲೇ ತಿಳಿಯಿತು. ಇನ್ನೇನು ಹೋಯಿತು ಅಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಯಾರೋ ಹಿಡಿದು ತಳ್ಳಿದ ಹಾಗೆ ಕಾರು ಮುಂದಕ್ಕೆ ಸರಿಯಿತು. ಕಿರುಚಲಿಲ್ಲ, ಕುಲುಕಲಿಲ್ಲ. ಸುತ್ತಿಕೊಂಡು, ಸುತ್ತಿಕೊಂಡು, ಬಿಸಿಲಿಗೆ ಬಂದೆವು. ಮಾವ ನನ್ನ ತೋಳು ಹಿಡಿದು ಅಲ್ಲಾಡಿಸುತ್ತಾ, "ನೋಡು, ನೋಡು, ಕಣ್ ಮುಚ್ಕೊಂಡಿದಾಳೆ! ನಿದ್ದೆ ಬಂದಿದೆ ಕಣಮ್ಮಾ ಅವಳಿಗೆ! ಅಷ್ಟು ಸ್ಮೂತ್!" ಎಂದು ಪಿಸುಗುಟ್ಟಿದರು. ಅವರ ಕಣ್ಣಲ್ಲಿ ನೀರು. ಅತ್ತೆ ಕಣ್ಣು ತೆರೆದು ಕೆಳಗಿಳಿದು, ಸೀರೆ ಸರಿಮಾಡಿಕೊಂಡು, ಮಗನಿಗೆ, "ಮಂಜಾ, ನಿನ್ ಕಾರು ಆಚೆ ರೋಡಲ್ಲಿ ನಿಲ್ಲಿಸ್ಕೊ" ಎಂದರು. ಅಷ್ಟೇ ಮಾತು. ಅದರ ಮೇಲೆ ಅಪೀಲಿರಲಿಲ್ಲ.

ಹೀಗೆ ನಾವು ಈ ಫ್ಲಾಟಿಗೆ ಬಂದೆವು. ಲೇತು ಬೊಮ್ಮಸಂದ್ರಕ್ಕೆ ಹೋಯಿತು. ನಮ್ಮೆಜಮಾನರ ಹೊಸ ಕಾರು ವರ್ಷಗಟ್ಟಲೆ ಗೇಟಿನಾಚೆ ಮರದ ಕೆಳಗೆ ಕಾಗೆ ಪಿಕ್ಕೆ ಹೊದ್ದುಕೊಂಡು ನಿಂತಿತು. ಮಾವ ಮನೆಗೆ ಬಂದವರಿಗೆಲ್ಲ, ನೀರು ಕೊಡುವ ಮುಂಚೆಯೇ, ತಾವು ಮಾಡಿದ ಡಿಫರೆನ್ಷಿಯಲ್ಲಿನಲ್ಲಿ ಹೆಂಡತಿ ನಿದ್ದೆ ಹೋದ ಕಥೆ ಹೇಳುತ್ತಿದ್ದರು. ಆಸ್ಪತ್ರೆಯಲ್ಲಿದ್ದಾಗ ನರ್ಸಮ್ಮನಿಗೂ ಹೇಳಿದರು. ಅವರು ಹೋದ ಮೇಲೆ ಶೆಡ್ಡು ಬಿಟ್ಟುಕೊಟ್ಟೆವು. ಬೆಳಿಗ್ಗೆ ಬಿಡಲು ಯಾರೂ ಇಲ್ಲ, ಸಂಜೆ ಕರೆತರಲು ಯಾರೂ ಇಲ್ಲ. ನಾನು ಕಾರು ಹೊರಗೆ ತೆಗೆಯುವುದನ್ನು ಬಿಟ್ಟೆ. ಖಾಲಿ ಇರುವ ಎಡಗಡೆ ಸೀಟು ನೋಡಿಕೊಂಡು ಓಡಿಸಲು ಆಗುವುದಿಲ್ಲ ನನಗೆ. ಹಾಗಿದ್ದ ಮೇಲೆ ಜಾಗ ಹಿಡಿದುಕೊಂಡು ಏಕೆ ಕೂರಬೇಕು, ಕೊಟ್ಟುಬಿಡುವುದೇ ಸರಿ ಎಂದು ನಾನು ಬೆಳಿಗ್ಗೆಯೇ ಅಂದುಕೊಂಡಿದ್ದೆ. ಅತ್ತೆಗೆ ಒಂದು ಮಾತು ಹೇಳುವುದಷ್ಟೇ ಬಾಕಿ.

ಅವರು ಈಗ ತಾನೇ ನೀರು ಕುಡಿಯಲು ಅಡುಗೆಮನೆಗೆ ಬಂದರು. ನಾನು ಒಲೆ ಸಣ್ಣ ಮಾಡಿ ಹೇಳಿದೆ. "ಅತ್ತೆ, ಮಾವನ ಕಾರು ಕೊಟ್ಬಿಡೋಣಾ ಅಂತ. ಅಷ್ಟು ಕಷ್ಟಪಟ್ಟು ನಿಮ್ಮ ಓಟು ಗೆದ್ದಿದ್ರು, ಪಾಪ. ನಿಮಗೆ ನಿದ್ದೆ ಬರೋಷ್ಟು ನಯವಾಗಿ ಮಾಡಿದ್ರು."

"ಯಾರಿಗ್ ನಿದ್ದೆ?" ಎಂದರು ಅತ್ತೆ ಲೋಟ ಕೆಳಗಿಡುತ್ತಾ. "ಜೀವಬಯ ಕಣಮ್ಮಿ. ಕಣ್ ಮುಚ್ಕಂಡು ಮನೆದೇವ್ರನ್ನ ನೆನೀತಿದ್ದೆ. ಅದೇನು ಉಜ್ತಿತ್ತೋ, ಅದೇನು ಇಡೀತಿತ್ತೋ ನಂಗೇನ್ ಗೊತ್ತು?"

"ಮತ್ತೆ ಜಾಗ ಕಾರಿಗೇ ಕೊಡಿಸಿದ್ರಲ್ಲ?"

"ಮಂಜ ಮಾತೆತ್ತಿದ್ ದಿನಾನೇ ಅದು ತೀರ್ಮಾನ ಆಗಿತ್ತು. ಆ ಮನುಸ ಇಡೀ ದಿನ ಮನೇಲಿ ಕುಂತ್ರೆ ನಾನೆಲ್ಲಿಗೋಗ್ಲಿ?"

"ಅವತ್ತೇ ಹೇಳ್ಬಹುದಿತ್ತಲ್ಲ ಅತ್ತೆ! ಕಿರುಚಬಾರದು, ಕುಲುಕಬಾರದು ಅಂತ ಯಾಕೆ ಸತಾಯಿಸಿದ್ರಿ?"

"ಅಂಗಂದಿದ್ಕೆ ತಾನೇ ಆರ್ ತಿಂಗ್ಳು ಆಚೆ ಇದ್ರು?" ಎಂದರು. ಅತ್ತೆ ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. ಕಿಟಕಿಯ ಕಡೆ ತಿರುಗಿ, "ಬೆಳಿಗ್ಗೆ ಅಟ್ಟಿದ್ರೆ ಸಂಜೆಗೆ ಬತ್ತಿದ್ರು ಆವಾಗ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಈಗ ನೀನು ಕುಂತಿದ್ದೀಯ. ಎರಡ್ ವರ್ಸದಿಂದ ಮೂಲೇಲಿ ಕುಂತು ಕುಂತು ನನ್ ಮಕ ನೋಡ್ತೀಯ. ನಂಗೂ ಸಾಕಾಗೋಗದೆ. ಒಲೆ ಆರುಸು. ಕೀಲಿ ತಗೋ."

ನನಗೆ ಅಳು ಬಂತು, ನಗುವೂ ಬಂತು, ಎರಡನ್ನೂ ಮಾಡಿದೆ. ಆಮೇಲೆ ಯಜಮಾನರಿಗೆ ಫೋನು ಮಾಡಿ, ತಗೊಳ್ಳೋರಿಗೆ ಕಾಯಬೇಡಿ ಅನ್ನಿ ಎಂದೆ. ಅವರು ಅಮ್ಮನ್ನ ಕೇಳಿದ್ಯಾ ಎಂದರು. ಅಮ್ಮನೇ ಹೇಳಿದ್ದು ಎಂದೆ.

ಕೆಳಗೆ ಹೋಗಿ ಹೊದಿಕೆ ಎಳೆದೆ. ಅತ್ತೆ ಎಂದಿನ ಹಾಗೆ ಹಿಂದಿನ ಬಾಗಿಲ ಹತ್ತಿರ ನಿಂತವರು, ಏನನ್ನಿಸಿತೋ, ಮುಂದೆ ಬಂದು ಎಡಗಡೆ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಇಂಜಿನ್ನು ಗುರುಗುಟ್ಟಿತು. ರ‍್ಯಾಂಪಿನ ಬುಡಕ್ಕೆ ಬಂದು ಕಾರು ನಿಲ್ಲಿಸಿ, ನೆಲ ನೋಡಿದೆ. ತೊಳೆದಿದ್ದರು.

"ಕಣ್ ಮುಚ್ಕೊಳ್ಳಿ ಅತ್ತೆ" ಎಂದೆ.

"ಯಾಕ್ ಮುಚ್ಕಬೇಕು?" ಎಂದರು ಅತ್ತೆ. "ಅದೇನ್ ಮಾಡಿಟ್ಟೋಗವ್ರೋ ಇವತ್ತಾದ್ರೂ ನೋಡ್ತೀನಿ. ಅತ್ಸು."